ಮ್ಯಾನೇಜರ್ ಅನ್ಯಾಯವಾಗಿ ಬೈದರೆ ಉತ್ತರ ಕೊಡಬೇಕಾ, ಸುಮ್ನಿರಬೇಕಾ?

ತಡರಾತ್ರಿ

ನಮ್ಮ ತಂಡದಿಂದ ಪ್ರತಿ ತಿಂಗಳು ಒಂದು ವರದಿ ಮೇಲಿನವರಿಗೆ ಹೋಗುತ್ತದೆ. ಅದನ್ನು ಸಿದ್ಧ ಮಾಡುವುದು ನನ್ನ ಕೆಲಸ. ಅದಕ್ಕೆ ಬೇಕಾದ ಅಂಕಿಗಳು ಇನ್ನೊಂದು ವಿಭಾಗದಿಂದ ಬರಬೇಕು. ಈ ತಿಂಗಳು ಅವರು ಅಂಕಿಗಳನ್ನು ಕೊಟ್ಟಿದ್ದೇ ಗಡುವು ಮುಗಿದ ಮೇಲೆ. ನಾನು ಮೊದಲೇ ನೆನಪಿಸಿ ಮೇಲ್ ಹಾಕಿದ್ದೆ, ಉತ್ತರ ಬರದಿದ್ದಾಗ ಮತ್ತೆ ಹಾಕಿದ್ದೆ, ಮ್ಯಾನೇಜರ್ ಅವರಿಗೂ ಪ್ರತಿ ಹೋಗಲಿ ಅಂತ ಅವರನ್ನು ಸಿಸಿಯಲ್ಲಿ ಇಟ್ಟಿದ್ದೆ. ಆದರೂ ವರದಿ ತಡವಾಯಿತು.

ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಮ್ಯಾನೇಜರ್ ಹೇಳಿದ್ದು ಇದು: "ನಿಮಗೆ ಜವಾಬ್ದಾರಿ ಅನ್ನೋದೇ ಇಲ್ಲ, ಯಾವ ಕೆಲಸ ಕೊಟ್ಟರೂ ಇದೇ ಕಥೆ." ನಾನು ಏನೂ ಹೇಳಲಿಲ್ಲ. ಬಾಯಿ ತೆರೆದಿದ್ದರೆ ದನಿ ನಡುಗುತ್ತಿತ್ತು. ಮೀಟಿಂಗ್ ಮುಂದೆ ಹೋಯಿತು, ಬೇರೆಯವರೆಲ್ಲ ತಲೆ ತಗ್ಗಿಸಿ ಕೂತಿದ್ದರು.

ಮನೆಯಲ್ಲಿ ಕೇಳಿದರೆ ಬಿಟ್ಟುಬಿಡು ಅನ್ನುತ್ತಾರೆ. ಜೊತೆಯವರು ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡು ಅನ್ನುತ್ತಾರೆ. ಅಪ್ರೈಸಲ್, ಅಂದರೆ ವರ್ಷದ ಕೆಲಸದ ಮೌಲ್ಯಮಾಪನ, ಬೇರೆ ಹತ್ತಿರ ಬರುತ್ತಿದೆ. ಇಂಥದ್ದನ್ನು ಎದುರಿಸಿದವರು, ದಯವಿಟ್ಟು ಹೇಳಿ, ನಾನು ಏನು ಮಾಡಲಿ?

ಹಳೇಪೆನ್ನು

ಇವತ್ತು ಏನನ್ನೂ ಕಳಿಸಬೇಡಿ. ಆದರೆ ಇವತ್ತೇ ಬರೆದಿಡಿ, ಅವರು ಏನಂದರೋ ಅದೇ ಮಾತುಗಳಲ್ಲಿ. ನಾಲ್ಕು ದಿನ ಹೋದರೆ ನಮ್ಮ ನೆನಪೇ ಆ ಮಾತಿಗೆ ಖಾರ ಸೇರಿಸುತ್ತದೆ, ಇಲ್ಲಾ ಅದನ್ನು ಮೆತ್ತಗೆ ಮಾಡುತ್ತದೆ.

ಆಮೇಲೆ ಆ ಮಾತನ್ನು ಬಿಡಿಸಿ ನೋಡಿ. ಅದರಲ್ಲಿ ಮೂರು ವಿಷಯ ಕಲೆಸಿಕೊಂಡಿವೆ. ವರದಿ ತಡವಾಯಿತು, ಇದು ನಡೆದದ್ದು. ಅದಕ್ಕೆ ನೀವೇ ಕಾರಣ, ಇದು ಅವರ ಊಹೆ. ನಿಮಗೆ ಜವಾಬ್ದಾರಿ ಇಲ್ಲ, ಯಾವಾಗಲೂ ಇದೇ ಕಥೆ, ಇದು ನಿಮ್ಮ ಸ್ವಭಾವದ ಮೇಲೆ ಕೊಟ್ಟ ತೀರ್ಪು.

ನಡೆದದ್ದನ್ನು ಮೊದಲ ವಾಕ್ಯದಲ್ಲೇ ಒಪ್ಪಿಕೊಳ್ಳಿ. ವರದಿ ತಡವಾಗಿದೆ, ಅದರಲ್ಲಿ ವಾದ ಇಲ್ಲ. ತೀರ್ಪಿಗೆ ಉತ್ತರ ಕೊಡಲು ಹೋಗಬೇಡಿ. ನೋವಾಗಿದ್ದು ಅಲ್ಲೇ ಅಂತ ಗೊತ್ತು, ಕೈ ಅಲ್ಲಿಗೇ ಹೋಗುತ್ತದೆ ಅಂತಲೂ ಗೊತ್ತು. ಆದರೆ ನನಗೆ ಜವಾಬ್ದಾರಿ ಇದೆ ಅಂತ ಯಾರೂ ವಾದ ಮಾಡಿ ತೋರಿಸಲು ಆಗುವುದಿಲ್ಲ. ನೀವು ಹತ್ತು ಉದಾಹರಣೆ ಕೊಟ್ಟರೆ ಅವರು ಹನ್ನೊಂದನೆಯದನ್ನು ಹುಡುಕುತ್ತಾರೆ. ನಿಮ್ಮ ಉತ್ತರ ಹೋಗಬೇಕಾದ್ದು ನಡುವಿನ ಊಹೆಗೆ. ಅಲ್ಲಿ ನಿಮ್ಮ ಹತ್ತಿರ ತಾರೀಕು ಇದೆ, ಮೇಲ್ ಇದೆ. ಆ ಊಹೆ ಬಿದ್ದರೆ ತೀರ್ಪು ತಾನಾಗಿ ಸಡಿಲವಾಗುತ್ತದೆ.

ನೀಲಿಛತ್ರಿ

ಹಳೇಪೆನ್ನು ಅವರ ವಿಂಗಡಣೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ "ಇವತ್ತು ಏನೂ ಬೇಡ" ಅನ್ನುವುದು ಅಭ್ಯಾಸವಾಗಿಬಿಟ್ಟರೆ ಕಷ್ಟ. ಎಲ್ಲರ ಮುಂದೆ ಆಡಿದ ಮಾತಿಗೆ ಕೋಣೆಯೊಳಗೆ ಉತ್ತರ ಕೊಟ್ಟರೆ, ಆ ಎಲ್ಲರಿಗೂ ಉಳಿಯುವುದು ಮೊದಲು ಕೇಳಿದ ಮಾತು ಮಾತ್ರ ಅಲ್ವಾ? ಆ ಮೀಟಿಂಗ್‌ನಲ್ಲಿ ಇದ್ದವರು ನಾಳೆ ನಿಮ್ಮ ಜೊತೆ ಕೆಲಸ ಮಾಡುವವರು. ಅವರಲ್ಲಿ ಒಬ್ಬರು ಮುಂದೆ ನಿಮ್ಮ ಮೇಲೆ ಬರಬಹುದು.

ಜಗಳ ಬೇಡ. ಒಂದೇ ಒಂದು ವಾಕ್ಯ ಸಾಕು. "ವರದಿ ತಡವಾಗಿದ್ದು ನಿಜ, ಅಂಕಿಗಳು ಗಡುವಿನ ನಂತರ ಬಂದವು, ವಿವರ ನಿಮಗೆ ಆಮೇಲೆ ಕೊಡುತ್ತೇನೆ." ಅಷ್ಟೇ. ಮೀಟಿಂಗ್ ಮಿನಿಟ್ಸ್ ಬರೆಯುವ ಪದ್ಧತಿ ಇದ್ದರೆ ಇದೂ ಅದರಲ್ಲಿ ಹೋಗುತ್ತದೆ. ದನಿ ನಡುಗಿದರೂ ಪರವಾಗಿಲ್ಲ, ನಡುಗಿದ ದನಿಯಲ್ಲಿ ಹೇಳಿದ ಮಾತೂ ಮಾತೇ.

ಈ ಸಲದ್ದು ಮುಗಿಯಿತು. ಆದರೆ ಇಂಥ ಒಂದು ವಾಕ್ಯವನ್ನು ಮುಂದಿನ ಸಲಕ್ಕೆ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ ಅಂತ ಹೇಳುತ್ತೇನೆ. ಆ ಗಳಿಗೆಯಲ್ಲಿ ಹೊಸದಾಗಿ ಏನೂ ಹೊಳೆಯುವುದಿಲ್ಲ.

ಮೂರನೇ ಮಹಡಿ

ನಾನು ಇಬ್ಬರ ಜಾಗದಲ್ಲೂ ಕೂತವನು. ಈಗ ನನ್ನ ಕೈಕೆಳಗೆ ಒಂದು ತಂಡ ಇದೆ. ಹಾಗಾಗಿ ಮ್ಯಾನೇಜರ್ ಕುರ್ಚಿಯಿಂದ ಏನು ಕಾಣುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅವರು ಹಾಗೆ ಮಾತಾಡಿದ್ದು ಸರಿ ಅಂತ ಹೇಳಲು ಅಲ್ಲ. ಒಬ್ಬರ ಸ್ವಭಾವದ ಬಗ್ಗೆ ಎಲ್ಲರ ಮುಂದೆ ಹಾಗೆ ಹೇಳುವುದು ತಪ್ಪು. ಅದಕ್ಕೆ ಒತ್ತಡ ಅನ್ನುವ ಸಬೂಬು ನಾನು ಒಪ್ಪುವುದಿಲ್ಲ.

ಮೇಲೆ ಕೂತವರಿಗೆ ಫಲಿತಾಂಶ ಕಾಣುತ್ತದೆ, ದಾರಿ ಕಾಣುವುದಿಲ್ಲ. ನೀವು ಸಿಸಿಯಲ್ಲಿ ಇಟ್ಟಿದ್ದೀರಿ ಅಂದಿರಿ. ಸಿಸಿಯಲ್ಲಿ ಬಂದ ಮೇಲ್ ಅವರು ಓದಿದ್ದಾರೆ ಅಂದುಕೊಳ್ಳಬೇಡಿ. ತುಂಬಾ ಜನ ಸಿಸಿ ಮೇಲ್‌ಗಳನ್ನು ಬೇರೆ ಫೋಲ್ಡರ್‌ಗೇ ಹಾಕಿಬಿಟ್ಟಿರುತ್ತಾರೆ. ಅಂದರೆ ಆ ಹೊತ್ತಿಗೆ ಅವರ ತಲೆಯಲ್ಲಿ ಇದ್ದದ್ದು ಎರಡೇ ವಿಷಯ ಇರಬಹುದು, ವರದಿ ಬಂದಿಲ್ಲ ಮತ್ತು ವರದಿ ಇವರ ಕೆಲಸ. ಮಧ್ಯದ ಖಾಲಿ ಜಾಗವನ್ನು ಮನುಷ್ಯರು ಎದುರಿನವರ ಸ್ವಭಾವದಿಂದ ತುಂಬುತ್ತಾರೆ. ಬೇರೆಯವರು ತಡ ಮಾಡಿದರೆ ಅವರು ಸೋಮಾರಿ, ನಾವು ತಡ ಮಾಡಿದರೆ ಪರಿಸ್ಥಿತಿ ಹಾಗಿತ್ತು. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು, ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್ ಅಂತ. ಬೇರೆಯವರ ನಡೆಗೆ ಕಾರಣ ಹುಡುಕುವಾಗ ಅವರ ಗುಣಕ್ಕೆ ಜಾಸ್ತಿ ತೂಕ, ಸುತ್ತಲಿನ ಸಂದರ್ಭಕ್ಕೆ ಕಡಿಮೆ ತೂಕ ಕೊಡುವುದು. ಇದು ಕೆಟ್ಟವರು ಮಾತ್ರ ಮಾಡುವ ತಪ್ಪಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಉತ್ತರದ ಕೆಲಸ ಆ ಖಾಲಿ ಜಾಗ ತುಂಬುವುದು. ಅವರಿಗೆ ಸಂದರ್ಭ ತೋರಿಸಿ, ತಾರೀಕಿನ ಸಮೇತ. ನಿಮ್ಮ ಗುಣದ ಬಗ್ಗೆ ನೀವು ವಾದ ಶುರು ಮಾಡಿದ ಕೂಡಲೇ ಆಟ ಅವರ ಅಂಗಳದಲ್ಲಿ ನಡೆಯುತ್ತದೆ.

ತಡರಾತ್ರಿ

ಎಲ್ಲರಿಗೂ ಧನ್ಯವಾದ. ಸಿಸಿ ವಿಷಯ ನನಗೆ ಹೊಳೆದೇ ಇರಲಿಲ್ಲ, ಅವರಿಗೆ ಎಲ್ಲ ಗೊತ್ತಿದ್ದೂ ಹಾಗೆ ಅಂದರು ಅಂತಲೇ ನನಗೆ ಜಾಸ್ತಿ ನೋವಾಗಿದ್ದು.

ಒಂದು ಮೇಲ್ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ನೋಡಿ ಹೇಳಿ.

"ಸರ್, ನಿನ್ನೆ ಮೀಟಿಂಗ್‌ನಲ್ಲಿ ನೀವು ಎಲ್ಲರ ಮುಂದೆ ನನ್ನನ್ನು ಅವಮಾನಿಸಿದ್ದು ನನಗೆ ತುಂಬಾ ಬೇಸರ ತಂದಿದೆ. ನಾನು ಯಾವಾಗಲೂ ನನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಾ ಬಂದಿದ್ದೇನೆ. ವರದಿ ತಡವಾಗಿದ್ದಕ್ಕೆ ನಾನು ಕಾರಣ ಅಲ್ಲ, ಆ ವಿಭಾಗದವರು ಪ್ರತಿ ಸಲವೂ ಹೀಗೇ ಮಾಡುತ್ತಾರೆ. ನಾನು ನೆನಪಿಸಿದ್ದೆ, ನಿಮಗೂ ಸಿಸಿ ಇತ್ತು. ದಯವಿಟ್ಟು ಮುಂದೆ ಎಲ್ಲಾ ತಿಳಿದುಕೊಂಡು ಮಾತನಾಡಬೇಕೆಂದು ಕೋರುತ್ತೇನೆ."

ಹಳೇಪೆನ್ನು

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೂ ಕಳಿಸಬೇಡಿ. ಸಾಲು ಸಾಲಾಗಿ ಹೇಳುತ್ತೇನೆ.

"ಅವಮಾನಿಸಿದ್ದು" ಅಂತ ಶುರುವಾದರೆ ಅವರು ಓದುವುದು ಅಲ್ಲಿಗೇ ನಿಲ್ಲುತ್ತದೆ. ಉಳಿದ ಮೇಲ್ ಪೂರ್ತಿ ಅವರು ತಮ್ಮನ್ನು ಕಾಪಾಡಿಕೊಳ್ಳಲು ಓದುತ್ತಾರೆ. ಆ ಮಾತು ಹೇಳಬೇಕು, ಆದರೆ ಕೊನೆಯಲ್ಲಿ, ಅದೂ ಬೇರೆ ರೀತಿಯಲ್ಲಿ.

"ಯಾವಾಗಲೂ ಪ್ರಾಮಾಣಿಕವಾಗಿ" ಅನ್ನುವುದು ಅವರ "ಯಾವ ಕೆಲಸ ಕೊಟ್ಟರೂ" ಅನ್ನುವುದಕ್ಕೆ ಅಷ್ಟೇ ಅಳತೆಯ ಉತ್ತರ. ಎರಡಕ್ಕೂ ದಾಖಲೆ ಇಲ್ಲ. ತೆಗೆಯಿರಿ. "ಆ ವಿಭಾಗದವರು ಪ್ರತಿ ಸಲವೂ" ಅನ್ನುವುದು ಇನ್ನೂ ಅಪಾಯ. ನಿಮಗೆ ಆದ ಅನ್ಯಾಯವನ್ನೇ ನೀವು ಇನ್ನೊಬ್ಬರಿಗೆ ಮಾಡಿದ ಹಾಗೆ ಕಾಣುತ್ತದೆ. ಆ ಮೇಲ್ ಅವರ ಕಡೆಗೆ ಫಾರ್ವರ್ಡ್ ಆದರೆ ಹೊಸ ಜಗಳ. ಈ ತಿಂಗಳು ಯಾವ ತಾರೀಕಿಗೆ ಬಂತು, ಅಷ್ಟೇ ಬರೆಯಿರಿ.

"ನಿಮಗೂ ಸಿಸಿ ಇತ್ತು" ಅಂದರೆ ನೀವು ಓದಲಿಲ್ಲ ಅಂತ ಬೆರಳು ತೋರಿಸಿದಂತೆ. ಆ ಮೇಲ್‌ಗಳನ್ನೇ ಕೆಳಗೆ ಲಗತ್ತಿಸಿ. ಸಿಸಿಯಲ್ಲಿ ಅವರ ಹೆಸರು ಅವರಿಗೇ ಕಾಣುತ್ತದೆ.

ಕೊನೆಯ ವಾಕ್ಯ ಬುದ್ಧಿ ಹೇಳುವ ವಾಕ್ಯ. ಅದರ ಬದಲು ಕೆಲಸದ ಬಗ್ಗೆ ಒಂದು ಪ್ರಶ್ನೆ ಇಡಿ.

ಅಂಚಿನ ಬೆಂಚು

ಹಳೇಪೆನ್ನು ಹೇಳಿದ್ದನ್ನೆಲ್ಲ ಹಾಕಿ ಬರೆದರೆ ಹೀಗಾಗಬಹುದು ನೋಡಿ:

"ಸರ್, ಈ ತಿಂಗಳ ವರದಿ ಗಡುವಿಗೆ ಹೋಗಲಿಲ್ಲ. ಅದರ ಹಿನ್ನೆಲೆ ನಿಮಗೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಅಂಕಿಗಳನ್ನು ಇಂಥ ತಾರೀಕಿಗೆ ಕೇಳಿದ್ದೆ, ಇಂಥ ತಾರೀಕಿಗೆ ಮತ್ತೆ ನೆನಪಿಸಿದ್ದೆ. ಅವು ಕೈಸೇರಿದ್ದು ಗಡುವಿನ ಮರುದಿನ. ಸಿಕ್ಕ ದಿನವೇ ವರದಿ ಮುಗಿಸಿ ಕಳಿಸಿದ್ದೇನೆ. ಮೇಲ್‌ಗಳನ್ನು ಕೆಳಗೆ ಲಗತ್ತಿಸಿದ್ದೇನೆ. ಮುಂದಿನ ತಿಂಗಳು ಅಂಕಿಗಳು ಸಮಯಕ್ಕೆ ಬರದಿದ್ದರೆ, ಇದ್ದಷ್ಟನ್ನೇ ಕಳಿಸಲೇ ಅಥವಾ ನಿಮಗೆ ತಿಳಿಸಿ ಕಾಯಲೇ? ನೀವು ಹೇಳಿದಂತೆ ಮಾಡುತ್ತೇನೆ. ಹಾಗೆಯೇ, ನನ್ನ ಕೆಲಸದಲ್ಲಿ ಕೊರತೆ ಕಂಡರೆ ನನ್ನೊಬ್ಬರ ಜೊತೆ ಮಾತಾಡುವ ಅವಕಾಶ ಕೊಟ್ಟರೆ ಉಪಕಾರವಾಗುತ್ತದೆ."

ಆ ಪ್ರಶ್ನೆ ಈ ಮೇಲ್‌ನಲ್ಲಿ ತುಂಬಾ ಮುಖ್ಯ. ಅವರು ಉತ್ತರ ಕೊಟ್ಟರೆ ಮುಂದಿನ ತಿಂಗಳು ನಿಮ್ಮ ಕೈಯಲ್ಲಿ ಅವರದೇ ಆದೇಶ ಇರುತ್ತದೆ. ಉತ್ತರ ಕೊಡದಿದ್ದರೂ ನೀವು ಕೇಳಿದ್ದೀರಿ ಅನ್ನುವುದು ಉಳಿಯುತ್ತದೆ.

ಮೂರನೇ ಮಹಡಿ

ಮೇಲ್ ಚೆನ್ನಾಗಿದೆ. ಆದರೆ ನಾನಾಗಿದ್ದರೆ ಇದನ್ನು ಮೊದಲು ಕಳಿಸುತ್ತಿರಲಿಲ್ಲ.

ತಾರೀಕು, ಲಗತ್ತು ಎಲ್ಲ ಇರುವ ಮೇಲ್ ಏಕಾಏಕಿ ಬಂದರೆ ನನ್ನಂಥವನಿಗೆ ಮೊದಲು ಬರುವ ಯೋಚನೆ, ಇದನ್ನು ಇನ್ನು ಯಾರಿಗೆ ತೋರಿಸಲು ಬರೆದಿದ್ದಾರೆ? ಆ ಯೋಚನೆ ಬಂದ ಮೇಲೆ ನಾನೂ ಅದೇ ಧಾಟಿಯಲ್ಲಿ ಉತ್ತರ ಬರೆಯಲು ಕೂರುತ್ತೇನೆ. ಮೊದಲು ಮಾತಾಡಿ. ಹತ್ತು ನಿಮಿಷ ಸಮಯ ಕೇಳಿ, ವಿಷಯ ಏನು ಅಂತ ಮೊದಲೇ ಹೇಳಿ, ಯಾರಿಗೂ ದಿಢೀರ್ ಅಂತ ಎದುರಾಗುವುದು ಇಷ್ಟ ಆಗುವುದಿಲ್ಲ. ಒಳಗೆ ಹೋಗಿ ಇದೇ ಮೇಲ್‌ನಲ್ಲಿ ಇರುವುದನ್ನು ಬಾಯಲ್ಲಿ ಹೇಳಿ. ಅದಾದ ಮೇಲೆ, ಅದೇ ದಿನ, ನಾಲ್ಕು ಸಾಲಿನ ಮೇಲ್ ಹಾಕಿ. "ಇವತ್ತು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ನಾವು ಮಾತಾಡಿಕೊಂಡಂತೆ ಹೀಗೆ ಹೀಗೆ." ದಾಖಲೆಯೂ ಆಯಿತು, ಹೊಡೆದಾಟವೂ ಆಗಲಿಲ್ಲ.

ಮಾತಾಡುವಾಗ ಒಂದು ಪ್ರಶ್ನೆ ಕೇಳಲೇಬೇಕು. "ಯಾವ ಕೆಲಸ ಕೊಟ್ಟರೂ ಅಂದಿರಿ ಸರ್, ಇನ್ನೂ ಯಾವುದರಲ್ಲಿ ನಿಮಗೆ ತೊಂದರೆ ಕಂಡಿದೆ, ಒಂದೆರಡು ಹೇಳಿದರೆ ನೋಡಿಕೊಳ್ಳುತ್ತೇನೆ." ನಿಜವಾಗಿ ತಿಳಿದುಕೊಳ್ಳಲು ಕೇಳಿ, ಸಿಕ್ಕಿಸಲು ಅಲ್ಲ. ಅವರ ಹತ್ತಿರ ಉದಾಹರಣೆ ಇದ್ದರೆ ನಿಮಗೆ ಗೊತ್ತಿಲ್ಲದ ದೂರು ಹೊರಗೆ ಬರುತ್ತದೆ, ಅದು ಅಪ್ರೈಸಲ್‌ನಲ್ಲಿ ಬರುವ ಬದಲು ಈಗಲೇ ಬಂದರೆ ಒಳ್ಳೆಯದು. ಇಲ್ಲದಿದ್ದರೆ ಅವರಿಗೇ ಅದು ಗೊತ್ತಾಗುತ್ತದೆ. ನೀವು ಹೇಳಬೇಕಾಗಿಲ್ಲ.

ನೀಲಿಛತ್ರಿ

ಮಾತು ಮೊದಲು ಅನ್ನುವುದು ಸಾಮಾನ್ಯ ಮ್ಯಾನೇಜರ್‌ಗಳಿಗೆ ಸರಿ. ಮಾತಾಡಿದ್ದನ್ನು ಮರುದಿನ ತಿರುಚುವವರು ಇದ್ದಾರೆ. ಒಂಟಿಯಾಗಿ ಸಿಕ್ಕಾಗ ದನಿ ಇನ್ನೂ ಏರಿಸುವವರೂ ಇದ್ದಾರೆ. ಅಂಥವರ ಜೊತೆ ಬಾಗಿಲು ಹಾಕಿಕೊಂಡು ಕೂರುವುದೇ ಬೇಡ. ಅಲ್ಲಿ ಮೇಲ್ ಮೊದಲು, ಇಲ್ಲವೇ ಎಚ್‌ಆರ್‌ನವರು ಇರುವಾಗ ಮಾತು. ತಡರಾತ್ರಿ ಅವರೇ, ನಿಮ್ಮ ಮ್ಯಾನೇಜರ್ ಯಾವ ಥರದವರು ಅಂತ ನಿಮಗೇ ಗೊತ್ತು. ಹಿಂದೆ ಯಾರಾದರೂ ಅವರ ಹತ್ತಿರ ಹೋಗಿ ಮಾತಾಡಿದಾಗ ಏನಾಯಿತು, ಅದನ್ನು ನೆನಪಿಸಿಕೊಳ್ಳಿ.

ಕಾಗದದೋಣಿ

ನನ್ನದು ಬೇರೆ ಥರದ್ದು, ಆದರೆ ಸೇರಿಸುತ್ತೇನೆ. ನನಗೆ ಬರುತ್ತಿದ್ದ ಟೀಕೆ ಯಾವಾಗಲೂ "ನಿಮಗೆ ಮೊದಲೇ ಗೊತ್ತಾಗಬೇಕಿತ್ತು" ಅನ್ನುವುದು. ಗ್ರಾಹಕರು ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿದರೂ ನನಗೆ ಮೊದಲೇ ಗೊತ್ತಾಗಬೇಕಿತ್ತು. ಇದಕ್ಕೆ ಏನು ಹೇಳಬೇಕು ಅಂತ ತುಂಬಾ ಕಾಲ ತಿಳಿಯಲಿಲ್ಲ. ಬರುಕ್ ಫಿಶ್‌ಹಾಫ್ ಅನ್ನುವ ಮನಶ್ಶಾಸ್ತ್ರಜ್ಞರ ಪ್ರಯೋಗದ ಬಗ್ಗೆ ಓದಿದ ಮೇಲೆ ನನಗೆ ದಾರಿ ಕಂಡಿತು. 1975ರಲ್ಲಿ ಅವರು ತೋರಿಸಿದ್ದು ಇಷ್ಟು. ಒಂದು ಘಟನೆ ಹೇಗೆ ಮುಗಿಯಿತು ಅಂತ ಗೊತ್ತಾದವರಿಗೆ, ಅದು ಹಾಗೇ ಮುಗಿಯುತ್ತದೆ ಅಂತ ಮೊದಲೇ ಹೇಳಬಹುದಿತ್ತು ಅನಿಸುತ್ತದೆ. ಗೊತ್ತಿಲ್ಲದವರಿಗೆ ಹಾಗೆ ಅನಿಸುವುದಿಲ್ಲ.

ಅವತ್ತಿನಿಂದ ನಾನು ನಿರ್ಧಾರ ತೆಗೆದುಕೊಳ್ಳುವ ದಿನವೇ ಎರಡು ಸಾಲು ಬರೆದು ಮ್ಯಾನೇಜರ್‌ಗೆ ಕಳಿಸುತ್ತೇನೆ. ಈಗ ನಮಗೆ ಗೊತ್ತಿರುವುದು ಇದು, ಇದರ ಮೇಲೆ ಹೀಗೆ ಮಾಡುತ್ತಿದ್ದೇನೆ, ಬೇರೆ ಅಭಿಪ್ರಾಯ ಇದ್ದರೆ ಇವತ್ತು ತಿಳಿಸಿ. ಆ ಮಾತು ನಿಂತೇಹೋಯಿತು ಅಂತ ಹೇಳಲಾರೆ, ಕಡಿಮೆಯಾಗಿದೆ. ಬಂದಾಗಲೂ ಆ ಎರಡು ಸಾಲು ತೋರಿಸಿ "ಅವತ್ತು ಇಷ್ಟು ಗೊತ್ತಿತ್ತು" ಅಂತ ಹೇಳಲು ಆಗುತ್ತದೆ. ಟೀಕೆ ಬಂದ ಮೇಲೆ ಬರೆದ ಸಮಜಾಯಿಷಿಗಿಂತ ಮೊದಲೇ ಬರೆದ ಎರಡು ಸಾಲಿಗೆ ಬೆಲೆ ಜಾಸ್ತಿ.

ತರಬೇತಿ ಕೋಣೆ

ನೌಕರರಿಗೂ ಮ್ಯಾನೇಜರ್‌ಗಳಿಗೂ ತರಬೇತಿ ಕೊಡುವುದು ನನ್ನ ಕೆಲಸ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ, ಆ ಮಾತು ಕೇಳಿದ ಮೇಲೆ ನಿಮ್ಮ ಕೆಲಸಕ್ಕೆ ಏನಾಗುತ್ತದೆ ಅನ್ನುವುದು.

ಕ್ಲೂಗರ್ ಮತ್ತು ಡಿನಿಸಿ ಅನ್ನುವ ಇಬ್ಬರು ಸಂಶೋಧಕರು 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. 600ಕ್ಕೂ ಹೆಚ್ಚು ಫಲಿತಾಂಶಗಳು. ಸರಾಸರಿ ತೆಗೆದರೆ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸುತ್ತದೆ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರು ಕೊಟ್ಟ ವಿವರಣೆ ಏನೆಂದರೆ, ಮಾತು ಕೆಲಸದಿಂದ ದೂರ ಸರಿದು ವ್ಯಕ್ತಿಯ ಕಡೆ ತಿರುಗಿದಷ್ಟೂ ಅದರ ಉಪಯೋಗ ಕಡಿಮೆಯಾಗುತ್ತದೆ. ಗಮನ ಕೆಲಸದ ಮೇಲಿಂದ ಹೋಗಿ ನಾನು ಎಂಥವನು, ನಾನು ಎಂಥವಳು ಅನ್ನುವ ಪ್ರಶ್ನೆಗೆ ಹೋಗಿ ಕೂರುತ್ತದೆ.

ನಿಮಗೆ ಆ ಮೀಟಿಂಗ್ ಆದ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ಅದು ನಿಮ್ಮ ದುರ್ಬಲತೆ ಅಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. "ನಿಮಗೆ ಜವಾಬ್ದಾರಿ ಇಲ್ಲ" ಅನ್ನುವಂಥ ಮಾತು ಮಾಡುವ ಕೆಲಸವೇ ಅದು. ಅದಕ್ಕೇ ಉತ್ತರ ಕೊಡುವಾಗ ಮಾತನ್ನು ಮತ್ತೆ ಕೆಲಸಕ್ಕೆ ಎಳೆದು ತರಬೇಕು ಅಂತ ಮೇಲೆ ಎಲ್ಲರೂ ಹೇಳುತ್ತಿರುವುದು. ಇದು ಮ್ಯಾನೇಜರ್ ಸಮಾಧಾನಕ್ಕೆ ಮಾತ್ರ ಅಲ್ಲ, ನಿಮ್ಮ ತಲೆಗೂ ಅದೇ ಬೇಕು.

ಇನ್ನೊಂದು ಅಪಾಯ ನಾನು ಜಾಸ್ತಿ ನೋಡಿದ್ದು. ಬೈಸಿಕೊಂಡವರು ಮ್ಯಾನೇಜರ್‌ನಿಂದ ತಪ್ಪಿಸಿಕೊಂಡು ಓಡಾಡಲು ಶುರು ಮಾಡುತ್ತಾರೆ. ಅಪ್‌ಡೇಟ್ ಕಡಿಮೆ, ಮೀಟಿಂಗ್‌ನಲ್ಲಿ ಮಾತು ಕಡಿಮೆ. ಮ್ಯಾನೇಜರ್ ಅದನ್ನು ನೋಡಿ ತಾನು ಅಂದುಕೊಂಡದ್ದೇ ಸರಿ ಅಂದುಕೊಳ್ಳುತ್ತಾರೆ, ಮೇಲ್ವಿಚಾರಣೆ ಬಿಗಿ ಮಾಡುತ್ತಾರೆ. ಅದರಿಂದ ಇವರು ಇನ್ನೂ ದೂರ. ಹೀಗಾಗಿ ಮುಂದಿನ ಕೆಲವು ವಾರ ಮಾಮೂಲಿಗಿಂತ ಸ್ವಲ್ಪ ಜಾಸ್ತಿಯೇ ಅಪ್‌ಡೇಟ್ ಕೊಡಿ. ಕಷ್ಟ, ಗೊತ್ತು.

ಖಾಲಿಪುಟ

ಅಳು ಬರುವವರು ಏನು ಮಾಡಬೇಕು? ನಿಜವಾಗಿ ಕೇಳುತ್ತಿದ್ದೇನೆ. ನನಗೆ ಇವೆಲ್ಲ ಮಾತು ಆಮೇಲೆ ನೆನಪಾಗುತ್ತದೆ, ಎದುರಿಗೆ ನಿಂತಾಗ ಗಂಟಲು ಕಟ್ಟುತ್ತದೆ.

ನೀಲಿಛತ್ರಿ

@ಖಾಲಿಪುಟ, ಕಾಗದದಲ್ಲಿ ಬರೆದುಕೊಂಡು ಹೋಗಿ, ನೋಡಿಕೊಂಡೇ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಎದುರಿಗೇ ಬಂದುಬಿಟ್ಟರೆ "ಇದಕ್ಕೆ ನಾನು ಉತ್ತರ ಕೊಡಬೇಕು, ಇವತ್ತು ಸಂಜೆಯೊಳಗೆ ಬರುತ್ತೇನೆ" ಅಂತ ಹೇಳಿ ಎದ್ದು ಬನ್ನಿ. ಕಣ್ಣಲ್ಲಿ ನೀರು ಬಂದರೆ ಬರಲಿ, ಅದಕ್ಕೆ ಕ್ಷಮೆ ಕೇಳಬೇಡಿ. ಆದರೆ ಸಂಜೆಯೊಳಗೆ ಅಂದರೆ ಸಂಜೆಯೊಳಗೆ ಹೋಗಿ.

ಕೆಂಪು ಫೈಲು

ನಾನು ನೌಕರರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿವರೆಗೆ ಎಲ್ಲರೂ ಒಂದು ಸಲದ ಬೈಗುಳದ ಬಗ್ಗೆ ಮಾತಾಡಿದ್ದಾರೆ. ಅದೇ ಮತ್ತೆ ಮತ್ತೆ ಆದರೆ, ಅಥವಾ ಅದೇ ತಪ್ಪಿಗೆ ಬೇರೆಯವರಿಗೆ ಏನೂ ಇಲ್ಲ, ನಿಮಗೆ ಮಾತ್ರ ಅಂದರೆ, ದಾರಿ ಬೇರೆ. ಆಗ ಒಂದೊಂದು ಮಾತಿಗೂ ಮೇಲ್ ಬರೆಯುತ್ತಾ ಕೂರುವುದಲ್ಲ, ಒಟ್ಟಾರೆ ಏನು ನಡೆಯುತ್ತಿದೆ ಅಂತ ತೋರಿಸಬೇಕು.

ಒಂದು ನೋಟ್‌ಬುಕ್ ಇಡಿ. ತಾರೀಕು, ಸಮಯ, ಜಾಗ, ಆಡಿದ ಮಾತು, ಯಾರು ಇದ್ದರು, ಆಮೇಲೆ ಏನಾಯಿತು. ನಿಮ್ಮ ಅಭಿಪ್ರಾಯ ಬೇಡ. "ಸೇಡಿನಿಂದ ಹೇಳಿದರು" ಅಂತ ಬರೆದರೆ ಓದುವವರು ನಿಮ್ಮನ್ನೇ ಅನುಮಾನಿಸುತ್ತಾರೆ. ಅದೇ ದಿನ ಬರೆದದ್ದಕ್ಕೆ ವಿಚಾರಣೆಯಲ್ಲಿ ತೂಕ ಇರುತ್ತದೆ, ಆರು ತಿಂಗಳು ಬಿಟ್ಟು ಒಟ್ಟಿಗೆ ಕೂತು ಬರೆದದ್ದಕ್ಕೆ ಅಷ್ಟಿಲ್ಲ.

ಎರಡು ಎಚ್ಚರಿಕೆ. ಕಂಪನಿಯ ಕಡತ, ಗ್ರಾಹಕರ ವಿವರ ಇರುವ ಮೇಲ್‌ಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಬಹಳ ಕಡೆ ಅದೇ ಒಂದು ಶಿಸ್ತುಕ್ರಮಕ್ಕೆ ಕಾರಣವಾಗುತ್ತದೆ, ನಿಮ್ಮ ನಿಜವಾದ ದೂರು ಪಕ್ಕಕ್ಕೆ ಹೋಗುತ್ತದೆ. ಯಾವ ಮೇಲ್, ಯಾವ ತಾರೀಕು ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ಆಮೇಲೆ ಕೇಳಿ ತೆಗೆಸಬಹುದು. ಮತ್ತೆ, ಗುಟ್ಟಾಗಿ ಮಾತು ರೆಕಾರ್ಡ್ ಮಾಡುವ ಮೊದಲು ನಿಮ್ಮಲ್ಲಿನ ಕಾನೂನು ಕೇಳಿಕೊಳ್ಳಿ. ಕೆಲವು ಕಡೆ ಅದು ಅಪರಾಧ.

ಟೀಕೆ ಎಲ್ಲಿ ಮುಗಿದು ಕಿರುಕುಳ ಎಲ್ಲಿ ಶುರು ಅಂತ ತುಂಬಾ ಜನ ಕೇಳುತ್ತಾರೆ. ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 190ನೇ ಒಡಂಬಡಿಕೆ 2019ರಲ್ಲಿ ಬಂತು, 2021ರ ಜೂನ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮನಸ್ಸಿಗೆ ಆಗುವ ಹಾನಿಯೂ ಹಾನಿಯೇ, ಒಪ್ಪಲಾಗದ ನಡೆ ಒಂದೇ ಸಲ ಆಗಿದ್ದರೂ ಲೆಕ್ಕಕ್ಕೆ ಬರಬಹುದು. ಒಡಂಬಡಿಕೆಯನ್ನು ಸ್ಥಿರೀಕರಿಸಿದ, ಅಂದರೆ ಅಧಿಕೃತವಾಗಿ ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅದು ಕಡ್ಡಾಯ, ಹಾಗಾಗಿ ನಿಮ್ಮ ಕಡೆ ಯಾವ ಕಾನೂನು ಇದೆ ಅಂತ ಬೇರೆಯಾಗಿ ನೋಡಬೇಕು. ಕೆಲಸದ ಬಗ್ಗೆ ಖಾರವಾಗಿ ಹೇಳಿದ್ದೆಲ್ಲ ಕಿರುಕುಳ ಅಲ್ಲ, ಅದನ್ನೂ ನೇರವಾಗಿ ಹೇಳುತ್ತೇನೆ. ಮಾತು ನಿಮ್ಮ ಹುಟ್ಟು, ಮೈಬಣ್ಣ, ಹೆಣ್ಣು ಗಂಡು, ಆರೋಗ್ಯ ಇಂಥದಕ್ಕೆ ಹೋದರೆ ಮಾತ್ರ ಮ್ಯಾನೇಜರ್ ಜೊತೆ ಸಮಾಧಾನದ ಮಾತುಕತೆ ಅಂತ ಕಾಯಬೇಡಿ. ನೇರ ದೂರು ಕೊಡಿ.

ತಡರಾತ್ರಿ

ಮಾತಾಡಿ ಬಂದೆ. ವಿಷಯ ಹೇಳಿಯೇ ಸಮಯ ಕೇಳಿದ್ದೆ. ಮೊದಲು ಸ್ವಲ್ಪ ಬಿಗುವಾಗಿಯೇ ಇದ್ದರು. ತಾರೀಕುಗಳನ್ನು ಬರೆದ ಕಾಗದ ಮುಂದಿಟ್ಟೆ. ಅವರು ಅಲ್ಲೇ ಮೇಲ್ ಹುಡುಕಿ ತೆಗೆದು ಓದಿದರು. ಓದಿರಲಿಲ್ಲ ಅಂತ ಅವರೇ ಹೇಳಿದರು. ಮೂರನೇ ಮಹಡಿ ಅವರು ಹೇಳಿದ್ದು ಸರಿಯಾಗಿತ್ತು.

"ಇನ್ನೂ ಯಾವುದರಲ್ಲಿ" ಅಂತ ಕೇಳಿದ್ದಕ್ಕೆ ಒಂದು ಹಳೆಯ ಕೆಲಸದ ಹೆಸರು ಹೇಳಿದರು, ಅದು ನನ್ನದಲ್ಲ, ನಾನು ಸೇರುವ ಮೊದಲಿನದು. ಅದನ್ನು ಹೇಳಿದೆ. ಸುಮ್ಮನಾದರು. ಕ್ಷಮೆ ಕೇಳಲಿಲ್ಲ. ಎಲ್ಲರ ಮುಂದೆ ಹೇಳುವುದು ಬೇಡವಿತ್ತು ಅಂತ ನಾನು ಅಂದಾಗ "ನೋಡೋಣ" ಅಂದರು, ಅಷ್ಟೇ. ಆದರೆ ಮುಂದಿನ ತಿಂಗಳಿನಿಂದ ಆ ವಿಭಾಗಕ್ಕೆ ಒಂದು ತಾರೀಕು ತಾವೇ ಗೊತ್ತು ಮಾಡುತ್ತೇನೆ ಅಂದರು. ಸಂಜೆ ಅದನ್ನೆಲ್ಲ ಮೇಲ್‌ನಲ್ಲಿ ಹಾಕಿದ್ದೇನೆ. "ಸರಿ" ಅಂತ ಒಂದು ಪದದ ಉತ್ತರ ಬಂದಿದೆ.

ಎಲ್ಲರ ಮುಂದೆ ಹೇಳಿದ್ದು ಇನ್ನೂ ಹಾಗೇ ಇದೆ, ಅದು ಮನಸ್ಸಿನಿಂದ ಹೋಗುತ್ತಿಲ್ಲ. ಅಪ್ರೈಸಲ್‌ನಲ್ಲಿ ಇದೇ ಬಂದರೆ?

ಮೂರನೇ ಮಹಡಿ

ಬೇರೆಯವರ ತಪ್ಪು ನಿಮ್ಮ ಲೆಕ್ಕಕ್ಕೆ ಸೇರಿಹೋಗಿತ್ತು ಅಂತ ಈಗ ಗೊತ್ತಾಯಿತಲ್ಲ, ಅದು ಸಣ್ಣ ವಿಷಯ ಅಲ್ಲ. "ಸರಿ" ಅನ್ನುವ ಮೇಲ್ ಜೋಪಾನ ಮಾಡಿ, ಅಷ್ಟು ಸಾಕು.

ಅಪ್ರೈಸಲ್ ಬಗ್ಗೆ ಹೆದರುವುದರಲ್ಲಿ ಅರ್ಥ ಇದೆ. ಒಂದು ಅಭಿಪ್ರಾಯ ಬೇರೆ ಎಲ್ಲದರ ಮೇಲೂ ಹರಡುತ್ತದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಸೈನ್ಯದಲ್ಲಿ ನೋಡಿದ್ದರು. ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಬುದ್ಧಿ, ಮೈಕಟ್ಟು, ನಾಯಕತ್ವ, ಗುಣ ಇವಕ್ಕೆಲ್ಲ ಬೇರೆಬೇರೆ ಅಂಕ ಕೊಡಬೇಕಿತ್ತು. ಒಂದಕ್ಕೂ ಇನ್ನೊಂದಕ್ಕೂ ಅಷ್ಟು ಸಂಬಂಧ ಇರಲು ಸಾಧ್ಯವೇ ಇಲ್ಲ ಅನ್ನುವಷ್ಟು ಅಂಕಗಳು ಹೊಂದಿಕೊಂಡಿದ್ದವು. ಫಾರಂ ತುಂಬಲು ಕೂತಾಗ ನನಗೂ ಹಿಂದಿನ ಒಂದೆರಡು ತಿಂಗಳೇ ಮೊದಲು ನೆನಪಾಗುತ್ತದೆ. ಆದ್ದರಿಂದ ಅವರು ಫಾರಂ ತೆರೆಯುವ ಮೊದಲೇ ನಿಮ್ಮ ವರ್ಷದ ಕೆಲಸದ ಪಟ್ಟಿ ಅವರ ಕೈಗೆ ಹೋಗಲಿ. ಒಂದು ಪುಟ ಸಾಕು, ಯಾವ ವರದಿ ಯಾವ ತಾರೀಕಿಗೆ ಹೋಯಿತು ಅನ್ನುವುದು ಅದರಲ್ಲಿ ಇರಲಿ.

ಕೆಂಪು ಫೈಲು

ಫಾರಂನಲ್ಲಿ ಬಂದೇಬಿಟ್ಟರೆ ಸಹಿ ವಿಷಯ ತಿಳಿದಿರಲಿ. ಹೆಚ್ಚಿನ ಕಡೆ ಆ ಸಹಿ "ಓದಿದ್ದೇನೆ" ಅನ್ನುವುದಕ್ಕೆ, "ಒಪ್ಪಿದ್ದೇನೆ" ಅನ್ನುವುದಕ್ಕಲ್ಲ. ಆದರೂ ಅದರಲ್ಲಿ ಏನು ಮುದ್ರಿಸಿದ್ದಾರೆ ಅಂತ ಓದಿಯೇ ಸಹಿ ಹಾಕಿ. ಒಪ್ಪಿದ್ದೇನೆ ಅಂತ ಇದ್ದರೆ ಪಕ್ಕದಲ್ಲಿ "ಓದಿದ್ದೇನೆ, ಇಂಥ ಅಂಶಕ್ಕೆ ನನ್ನ ಒಪ್ಪಿಗೆ ಇಲ್ಲ, ವಿವರ ಲಗತ್ತಿಸಿದೆ" ಅಂತ ಬರೆಯಿರಿ. ಸಿಟ್ಟಿನಲ್ಲಿ ಸಹಿ ಹಾಕುವುದಿಲ್ಲ ಅಂತ ಎದ್ದು ಬಂದರೆ, ನಿಮ್ಮ ಮಾತು ಆ ಕಾಗದದಲ್ಲಿ ಇಲ್ಲದೇ ಹೋಗುತ್ತದೆ. ನೌಕರರ ಅಭಿಪ್ರಾಯ ಅಂತ ಸಾಮಾನ್ಯವಾಗಿ ಒಂದು ಕಾಲಂ ಇರುತ್ತದೆ, ಅದನ್ನು ಖಾಲಿ ಬಿಡಬೇಡಿ. ಮೇಲ್ಮನವಿಗೆ ಎಷ್ಟು ದಿನ ಅಂತ ಎಚ್‌ಆರ್‌ನವರನ್ನು ಬರಹದಲ್ಲಿ ಕೇಳಿ, ಬಹಳ ಕಡೆ ಆ ಅವಧಿ ತೀರಾ ಕಡಿಮೆ.

ಮಾತು ಕೆಲಸದಿಂದ ತೆಗೆಯುವವರೆಗೆ ಹೋದರೆ, ಅದೇ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆಯ 7ನೇ ವಿಧಿ ನೋಡಿ. ನಡತೆ ಅಥವಾ ಕೆಲಸದ ಮಟ್ಟ ಕಾರಣ ಅಂತ ಹೇಳಿ ತೆಗೆಯುವ ಮೊದಲು ಆರೋಪಕ್ಕೆ ಉತ್ತರ ಕೊಡುವ ಅವಕಾಶ ಕೊಡಬೇಕು ಅನ್ನುತ್ತದೆ. ಇದೂ ಸ್ಥಿರೀಕರಿಸಿದ ದೇಶಗಳಿಗೆ ಮಾತ್ರ. ನಿಮ್ಮ ವಿಷಯ ಅಲ್ಲಿಗೆ ಹೋಗುವ ಲಕ್ಷಣ ನನಗೆ ಕಾಣುತ್ತಿಲ್ಲ.

ಅಂಚಿನ ಬೆಂಚು

ತಡರಾತ್ರಿ ಅವರೇ, ಎಲ್ಲರ ಮುಂದಿನ ಮಾತಿಗೆ ಒಂದು ದಾರಿ ಇದೆ ಅನಿಸುತ್ತದೆ. ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ವರದಿಯ ವಿಷಯ ಬಂದಾಗ ನೀವೇ ಹೇಳಿ. "ಕಳೆದ ಸಲ ಅಂಕಿಗಳು ಗಡುವಿನ ನಂತರ ಬಂದಿದ್ದವು, ಈಗ ಆ ವಿಭಾಗಕ್ಕೆ ಸರ್ ಒಂದು ತಾರೀಕು ಗೊತ್ತು ಮಾಡಿದ್ದಾರೆ, ಅದರಂತೆ ನಡೆಯುತ್ತಿದೆ." ಮ್ಯಾನೇಜರ್ ಮಾಡಿದ ಒಳ್ಳೆಯ ಕೆಲಸವನ್ನೇ ಹೇಳುತ್ತಿದ್ದೀರಿ, ಅವರು ತಡೆಯುವುದಿಲ್ಲ. ಕಳೆದ ಸಲ ತಡವಾಗಿದ್ದು ಯಾಕೆ ಅನ್ನುವುದೂ ಅಲ್ಲಿ ಕೂತ ಎಲ್ಲರಿಗೂ ತಿಳಿಯುತ್ತದೆ.

ತಡರಾತ್ರಿ

ಇದನ್ನು ಖಂಡಿತ ಮಾಡುತ್ತೇನೆ. ವರ್ಷದ ಪಟ್ಟಿಯನ್ನೂ ಈ ವಾರವೇ ಬರೆಯಲು ಕೂರುತ್ತೇನೆ. @ಕೆಂಪು ಫೈಲು, ನಮ್ಮ ಫಾರಂ ತೆಗೆದು ನೋಡಿದೆ, ಸಹಿಯ ಮೇಲೆ "ಚರ್ಚಿಸಲಾಗಿದೆ" ಅಂತ ಮಾತ್ರ ಇದೆ. ಇದಕ್ಕೂ ಪಕ್ಕದಲ್ಲಿ ಬರೆಯಬೇಕಾ?

ಕೆಂಪು ಫೈಲು

ಅದಕ್ಕೆ ಬೇಕಾಗಿಲ್ಲ. ಒಪ್ಪದ ಅಂಶ ಇದ್ದರೆ ನಿಮ್ಮ ಕಾಲಂನಲ್ಲಿ ಬರೆಯಿರಿ, ತಾರೀಕು ಹಾಕಿ, ಸಹಿಯಾದ ಮೇಲೆ ಒಂದು ಪ್ರತಿ ಕೇಳಿ ಪಡೆಯಿರಿ.